ಶ್ರೀಗಂಧದ ಮರವೂ ಗಂಧದ ಕೈಗಾರಿಕೆಯೂ

ಮೈಸೂರು ಸೀಮೆಯ ಅರಣ್ಯಸಂಪತ್ತಿನಲ್ಲಿ ಶ್ರೀಗಂಧಕ್ಕೆ ಬಹು ಕಾಲದಿಂದಲೂ ಅಗ್ರಸ್ಥಾನವು ಸಂದಿರುವುದು ಸರ್ವವಿದಿತವಾದ ವಿಷಯವಾಗಿದೆ. ಆದರೆ ಈ ಮರದಿಂದ ನಾಡಿಗೆ ಬರತಕ್ಕ ಲಾಭವು ಮರದ ಮೊತ್ತಕ್ಕಿಂತಲೂ ಮರವನ್ನು ಯಾವ ರೂಪದಲ್ಲಿ ಮಾರುತ್ತೇವೆಂಬುದನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ. ಹಾಗೆ ಬಂದ ಲಾಭದಲ್ಲಿ ಮರವನ್ನು ಸಾಕಿದವನಿಗೆ ಪಾಲಿಲ್ಲದೆ ಹೋದರೆ, ಎಂತಹ ಬೆಲೆಯುಳ್ಳ ಕೈಗಾರಿಕೆಯಾದರೂ ಬುಡವಿಲ್ಲದೆ ಒಣಗುವುದೆಂಬುದಕ್ಕೂ ಶ್ರೀಗಂಧದ ಚರಿತ್ರೆಯೇ ಸಾಕ್ಷಿಯಾಗಿದೆ. ಹೊಲದ ಬದುವಿನಲ್ಲಾಗಲಿ ತೋಟದಲ್ಲಾಗಲಿ ಗಂಧವನ್ನು ನೆಡಬೇಕೆಂದು ಯೋಚಿಸುತ್ತಿರುವ ಬೇಸಾಯಗಾರರು ಈ ಎರಡು ಸಂಗತಿಗಳನ್ನೂ ಚೆನ್ನಾಗಿ ತಿಳಿದುಕೊಂಡು ಮುಂದುವರಿಯುವುದು ಯುಕ್ತವೆಂದು ಈ ಕೆಳಗಿನ ವಿವರಗಳನ್ನು ಬರೆದಿದೆ.

ಮರವನ್ನೇ ಮಾರುತ್ತಿದ್ದ ಕಾಲ

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅಂದಿನಿಂದ ಮರವು ಯಾರ ಭೂಮಿಯಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತಾಯಿತು. ಮುಂದೆ ಬಂದ ಅರಸರ ಸರ್ಕಾರವೂ ಇದೇ ಪದ್ಧತಿಯನ್ನು ಇಟ್ಟುಕೊಂಡಿತು. ಬಲಿತ ಮರಗಳನ್ನು ಬೇರು ಸಹಿತ ಅಗೆದು ತೆಗೆದು, ತೊಗಟೆಯನ್ನೂ ಬಿಳಿಯ ಭಾಗವನ್ನೂ ಕೆತ್ತಿ ಹಾಕಿ, ಒಳಗಣ ಚೇಗನ್ನು ಗಂಧದ ಕೋಠಿಗಳಿಗೆ ಸಾಗಿಸಿ, ಅಲ್ಲಿ ಹರಾಜಿನಲ್ಲಿ ಮಾರುತ್ತಿದ್ದರು. ಕೊಂಡವರು ಹಡಗಿನ ಮೂಲಕ ಹೊರದೇಶಗಳಿಗೆ ಕಳುಹಿಸುತ್ತಿದ್ದರು. ಮರದ ಬಹುಭಾಗವು ಜರ್ಮನಿಯನ್ನು ಸೇರಿ, ಅಲ್ಲಿನ ಕಾರ್ಖಾನೆಗಳಲ್ಲಿ ಎಣ್ಣೆಯಾಗಿ ಪರಿಣಮಿಸಿ, ಸುಗಂಧದ್ರವ್ಯಗಳಿಗೂ ಔಷಧಗಳಿಗೂ ಉಪಯೋಗವಾಗುತ್ತಿತ್ತು. ಆ ಕಾಲದಲ್ಲಿ ಗಂಧದೆಣ್ಣೆಯು ಮೂತ್ರಾಂಗಗಳ ರೋಗಕ್ಕೆ ವೈದ್ಯರು ಕೊಡುತ್ತಿದ್ದ ಹೆಸರಾದ ಮದ್ದಾಗಿತ್ತೆಂಬುದನ್ನು ಈಗ ಅನೇಕರು ಮರೆತಿದ್ದಾರೆ. ಒಟ್ಟಿನಲ್ಲಿ ಮರವು ನಮ್ಮದು, ಎಣ್ಣೆಯು ಅವರದು. ಬೆಲೆಯಾದರೋ ಎಣ್ಣೆಗೇ ಹೊರತು ಮರಕ್ಕಲ್ಲ.

1914ರಲ್ಲಿ ಐರೋಪ್ಯ ಮಹಾಯುದ್ಧವು ಪ್ರಾರಂಭವಾಗಲು ಈ ವ್ಯಾಪಾರವು ಒಮ್ಮೆಗೇ ನಿಂತುಹೋಯಿತು. ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ಸರಕು ಬಿದ್ದಿತು, ಸಂಸ್ಥಾನದ ಆದಾಯಕ್ಕೆ ದೊಡ್ಡ ಪೆಟ್ಟು ತಗಲಿತು. ಒಂದೇ ದೇಶದ ಒಂದೇ ಬಗೆಯ ಗಿರಾಕಿಯನ್ನು ನಂಬಿ ಕಚ್ಚಾ ಸರಕನ್ನು ಮಾರುವವನ ಅವಸ್ಥೆಯು ಹೀಗೆಯೇ ಇರುತ್ತದೆ.

ಎಣ್ಣೆಯ ಕಾರ್ಖಾನೆ

ಆಗ ನಾಲ್ವಡಿ ಕೃಷ್ಣರಾಜ ಒಡೆಯರವರು ಮಹಾರಾಜರಾಗಿಯೂ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿಯೂ, ಆಲ್‌ಫ್ರೆಡ್ ಚಾಟರ್ಟನ್ನರು ಕೈಗಾರಿಕೆ ಇಲಾಖೆಯ ಮುಖ್ಯಾಧಿಕಾರಿಗಳಾಗಿಯೂ ಇದ್ದರು. ಮಾರಾಟವಾಗದ ಮರವನ್ನು ಕಡಮೆ ಬೆಲೆಗೆ ತಳ್ಳಿಬಿಡುವುದಕ್ಕೆ ಬದಲಾಗಿ ಅದರಿಂದ ಎಣ್ಣೆಯನ್ನು ನಮ್ಮಲ್ಲಿಯೇ ತೆಗೆಯಬಹುದೇ ಎಂದು ವಿಚಾರಮಾಡಿದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ ಎಂಬಿಬ್ಬರು ಪ್ರಯೋಗಗಳನ್ನು ನಡೆಯಿಸಿ ಎಣ್ಣೆಯನ್ನು ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷವೇ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ನಡೆಯತೊಡಗಿದುವು. ಶಿವಮೊಗ್ಗೆಯ ಕಾರ್ಖಾನೆಯು 1944ರಲ್ಲಿ ಸೇರಿತು.

ಗಂಧದೆಣ್ಣೆಯನ್ನು ಭಟ್ಟಿಯಿಳಿಸುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕನೌಜಿನ ಅತ್ತರಿನವರು ಹೂವುಗಳ ಪರಿಮಳವನ್ನು ಹಿಡಿದಿಡುವುದಕ್ಕೆ ಗಂಧದೆಣ್ಣೆಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದರು. ಆದರೆ ತಾಮ್ರದ ಹಂಡೆಯಲ್ಲಿ ಮರದ ಪುಡಿಯನ್ನು ನೀರಿನೊಡನೆ ಕುದಿಸಿ, ಬೆಂಕಿಯ ಹದ ತಪ್ಪಿದರೆ ಎಣ್ಣೆಗೆ ಕಮಟು ಬಂದು ಕೆಡುವುದು ಆ ಪದ್ಧತಿಯಲ್ಲಿದ್ದ ದೋಷ. ಕಾರ್ಖಾನೆಯಲ್ಲಿ ಚೇಗನ್ನು ನುಣ್ಣಗೆ ಪುಡಿಮಾಡಿ, ದೊಡ್ಡ ಪಾತ್ರೆಗಳಲ್ಲಿ ತುಂಬಿ, ಬೇರೆಡೆ ಕಾಯಿಸಿದ ಹಬೆಯನ್ನು ಅದರೊಳಗೆ ಹಾಯಿಸುತ್ತಾರೆ. ಹಬೆಯೊಡನೆ ಹೊರಟ ಎಣ್ಣೆಯು ತಣ್ಣೀರಿನ ಸುರುಳಿಕೊಳವೆಗಳಲ್ಲಿ ತಣಿದು ನೀರಿನಿಂದ ಬೇರ್ಪಡುತ್ತದೆ. ಗಂಧವು ಬೇಗನೆ ಬಿಡತಕ್ಕ ವಸ್ತುವಲ್ಲ. ಒಂದು ತುಂಬಿಗೆಯಿಂದ ಎಣ್ಣೆಯೆಲ್ಲವೂ ಬರಬೇಕಾದರೆ ಎರಡು ಮೂರು ದಿವಸಗಳ ಕಾಲ ಹಬೆಯನ್ನು ಬಿಡುತ್ತಲೇ ಇರಬೇಕು. ಒಳ್ಳೆಯ ಎಣ್ಣೆಯಲ್ಲಿ ನೂರಕ್ಕೆ 90 ಭಾಗಕ್ಕೆ ಕಡಮೆಯಿಲ್ಲದಂತೆ ಸ್ಯಾಂಟಲಾಲ್ ಎಂಬ ಪರಿಮಳದ ಸತ್ತ್ವವಿರಬೇಕೆಂಬುದು ವ್ಯಾಪಾರದಲ್ಲಿ ರೂಢಿಯಾಗಿರುವ ಪರೀಕ್ಷೆ.

ಎಣ್ಣೆಯಾದ ಮೇಲೆಯೂ ಅಷ್ಟಕ್ಕೇ ನಿಲ್ಲಲಿಲ್ಲ. ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ತಯಾರಿಕೆಯನ್ನು ಕಲಿತುಬಂದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆಯು ಸ್ಥಾಪಿತವಾಗಿ, ಶರಭದ ಮುದ್ರೆಯುಳ್ಳ ಮೈಸೂರು ಸ್ಯಾಂಡಲ್ ಸಾಬೂನು ಪೇಟೆಗೆ ಬಂದಿತು. ಮದ್ದಿಗಾಗಿ ಎಣ್ಣೆಯನ್ನು ಕೊಳ್ಳುತ್ತಿದ್ದ ಗಿರಾಕಿಗಳು ಹೊಸ ಔಷಧಗಳು ಬಂದ ಮೇಲೆ ಇಲ್ಲವಾದರು. ಸಾಬೂನು ಮಾತ್ರ ಒಂದು ನೂರು ವರ್ಷ ದಾಟಿಯೂ ಮಾರಾಟವಾಗುತ್ತಲೇ ಇದೆ. ಬರೀ ಎಣ್ಣೆಯನ್ನು ಪೀಪಾಯಿಗಳಲ್ಲಿ ಮಾರುವುದಷ್ಟೇ ಸಾಕೆಂದು ಆಗ ಸುಮ್ಮನಿದ್ದಿದ್ದರೆ ಎರಡನೆಯ ಸಲವೂ ಅದೇ ಇಕ್ಕಟ್ಟಿಗೆ ಸಿಕ್ಕಬೇಕಾಗಿದ್ದಿತು.

ಒಂದೇ ಮರದ ನಾನಾ ಸರಕುಗಳು

ಗಂಧದ ಮರದಲ್ಲಿ ಬಿಸಾಡತಕ್ಕ ಭಾಗವು ಬಹಳ ಸ್ವಲ್ಪ. ಕೋಠಿಗಳಲ್ಲಿ ಚೇಗನ್ನು ಹದಿನೆಂಟು ತರಗತಿಗಳಾಗಿ ವಿಂಗಡಿಸುವುದು ಹಿಂದಿನಿಂದ ಬಂದ ಕ್ರಮ. ತರಗತಿಗಳ ಹೆಸರುಗಳು ಹಳೆಯ ವರ್ತಕರ ಬಾಯಿಂದ ಬಂದವಾದ್ದರಿಂದ ಕೇಳುವುದಕ್ಕೆ ವಿಚಿತ್ರವಾಗಿರುತ್ತವೆ. ಮೊದಲನೆಯದು ವಿಲಾಯತ್ ಬುದ್ಧ. ಒಂದೊಂದು ತುಂಡೂ 9 ಕಿಲೋಗ್ರಾಮಿಗೆ ಕಡಮೆಯಿಲ್ಲದೆ, ಟನ್ನಿಗೆ 112 ತುಂಡುಗಳಿಗೆ ಮೀರದೆ, ಬಿರುಕಿಲ್ಲದೆ ಗಟ್ಟಿಯಾಗಿರಬೇಕು. ಎರಡನೆಯದಾದ ಚೀನಾ ಬುದ್ಧದ ತುಂಡುಗಳು ನಾಲ್ಕೂವರೆ ಕಿಲೋಗ್ರಾಮಿಗೆ ಕಡಮೆಯಿರಬಾರದು. ಮೂರನೆಯದಾದ ಪಂಜಂ ಅದಕ್ಕಿಂತಲೂ ಸಣ್ಣದು. ಬಳಿಕ ಪೊಳ್ಳು ತುಂಡುಗಳು, ಬೇರುಗಳು, ಚಕ್ಕೆಗಳು, ಕೊನೆಗೆ ಗರಗಸದ ಹೊಟ್ಟು. ಹೊಟ್ಟಿಗೂ ಒಂದು ತರಗತಿಯಿದೆ, ಒಂದು ಬೆಲೆಯಿದೆ.

ದಪ್ಪನೆಯ ನಿರ್ದೋಷವಾದ ತುಂಡುಗಳು ಕೆತ್ತನೆಗೆ ಯೋಗ್ಯವಾದವು. ಸಾಗರ, ಸೊರಬ, ಸಿದ್ಧಾಪುರ, ಕುಮಟಾ ಸೀಮೆಗಳ ಗುಡಿಗಾರರು ಇಂತಹ ತುಂಡಿನಿಂದ ಪೆಟ್ಟಿಗೆ, ವಿಗ್ರಹ, ಮಂಟಪಗಳನ್ನು ಕೆತ್ತುತ್ತಾರೆ. ಅವರ ಕೈಯಲ್ಲಿ ಮರದ ತೂಕವು ಕಡಮೆಯಾಗುತ್ತಾ ಹೋಗಿ ಬೆಲೆಯು ಹೆಚ್ಚುತ್ತಾ ಹೋಗುತ್ತದೆ. ಕೆತ್ತುವಾಗ ಉದುರಿದ ಚಕ್ಕೆಯೂ ವ್ಯರ್ಥವಾಗುವುದಿಲ್ಲ. ಬೇರು, ಚಕ್ಕೆ ಮತ್ತು ಸಣ್ಣ ತುಂಡುಗಳು ಭಟ್ಟಿಗೆ ಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಎಣ್ಣೆಯಿರುವುದು ಬೇರಿನಲ್ಲಿಯೇ. ಆದುದರಿಂದ ಗಂಧವನ್ನು ಬೇರೆ ಮರಗಳಂತೆ ಬುಡದಲ್ಲಿ ಕಡಿಯಲಾಗದು, ಅಗೆದು ಕೀಳಬೇಕು. ನೂರು ಕಿಲೋಗ್ರಾಂ ಒಳ್ಳೆಯ ಚೇಗಿನಿಂದ ಸಾಮಾನ್ಯವಾಗಿ 3ರಿಂದ 6 ಕಿಲೋಗ್ರಾಮಿನವರೆಗೆ ಎಣ್ಣೆಯು ಬರುತ್ತದೆ. ಎಣ್ಣೆ ತೆಗೆದುಳಿದ ಪುಡಿಯು ಊದುಬತ್ತಿಯ ಕೈಗಾರಿಕೆಗೆ ಹೋಗುತ್ತದೆ. ಮೈಸೂರು, ಬೆಂಗಳೂರುಗಳಲ್ಲಿ ಬತ್ತಿಯನ್ನು ಹೊಸೆದು ಜೀವನ ಮಾಡುತ್ತಿರುವ ಹೆಂಗಸರ ಕುಟುಂಬಗಳು ಬಹಳವಾಗಿವೆ. ಸುವಾಸನೆಯಿಲ್ಲದ ಬಿಳಿಯ ಭಾಗವೂ ಕಡಮೆ ಬೆಲೆಯ ಕೆತ್ತನೆಗೂ ಪುಡಿಗೂ ಸಲ್ಲುತ್ತದೆ.

ಕೈಗಾರಿಕೆಯು ಸೊರಗಿದ ಬಗೆ

ಇಷ್ಟೆಲ್ಲಾ ಇದ್ದರೂ ಕೈಗಾರಿಕೆಯು ಇಪ್ಪತ್ತನೆಯ ಶತಮಾನದ ಕೊನೆಗೆ ಬಡವಾಯಿತು. 1950ರ ಸುಮಾರಿನಲ್ಲಿ ವರ್ಷಕ್ಕೆ 4000 ಟನ್ನಿನಷ್ಟು ಚೇಗು ಒದಗುತ್ತಿದ್ದ ಇಂಡಿಯಾ ದೇಶದಲ್ಲಿ, 2000ದ ವರ್ಷವು ಕಳೆದ ಬಳಿಕ ಕೆಲವು ನೂರು ಟನ್ನು ಸಿಕ್ಕುವುದೇ ಕಷ್ಟವಾಯಿತು. 1998ರಲ್ಲಿ ಪ್ರಕೃತಿಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಈ ಮರವನ್ನು ಅಪಾಯಕ್ಕೆ ಈಡಾಗಿರುವ ವೃಕ್ಷಗಳ ಪಟ್ಟಿಯಲ್ಲಿ ಸೇರಿಸಿತು. ಮರವು ಸಾಲದೆ ಗುಡಿಗಾರರಲ್ಲಿ ಅನೇಕರು ಶಿವನೆ ಮೊದಲಾದ ಬೇರೆ ಮರಗಳಿಗೆ ಕೈಹಾಕಬೇಕಾಯಿತು. ಅಗ್ಗದ ಸಾಬೂನು ಬತ್ತಿಗಳಲ್ಲಿ ರಸಾಯನಶಾಲೆಯ ಕೃತಕ ಪರಿಮಳವು ಗಂಧದ ಸ್ಥಾನವನ್ನು ಹಿಡಿಯಿತು.

ಇದಕ್ಕೆ ರೋಗವೊಂದು ಕಾರಣ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗವು ಮೈಸೂರು ಸೀಮೆಗೂ ಹರಡಿ ಲಕ್ಷಾಂತರ ಮರಗಳನ್ನು ತಿಂದಿತು. ಎಲೆಗಳು ಸಣ್ಣಗಾಗಿ ನಿಮಿರಿ, ರೆಂಬೆಯು ಮುಳ್ಳಿನ ಕಡ್ಡಿಯಂತಾಗಿ, ಎರಡು ಮೂರು ವರ್ಷಗಳಲ್ಲಿ ಮರವು ಸಾಯುವುದು. ಇದು ಕಣ್ಣಿಗೆ ಕಾಣದ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಉಂಟಾಗುವುದೆಂದೂ, ಜಿಗಿಹುಳುಗಳು ಅದನ್ನು ಒಂದು ಮರದಿಂದ ಇನ್ನೊಂದಕ್ಕೆ ಹೊರುವುವೆಂದೂ ಬಹು ಕಾಲದ ಮೇಲೆ ಗೊತ್ತಾಯಿತು. ರೋಗ ತಗಲಿದ ಮರವನ್ನು ಉಳಿಸುವ ಮದ್ದು ಇದುವರೆಗೂ ಇಲ್ಲ. ಬೇರುಸಹಿತ ತೆಗೆದುಹಾಕುವುದೊಂದೇ ಉಪಾಯ. ಕಳ್ಳಸಾಗಣೆಯು ಮತ್ತೊಂದು ಕಾರಣ; ಅದರ ವಿಷಯವನ್ನು ಎಲ್ಲರೂ ಬಲ್ಲರು.

ಆದರೆ ನಮ್ಮ ಅಭಿಪ್ರಾಯದಲ್ಲಿ ಇವೆರಡಕ್ಕಿಂತಲೂ ದೊಡ್ಡ ಕಾರಣವು ರೈತನ ಮನಸ್ಸಿನಲ್ಲಿತ್ತು. ಮರವು ಸರ್ಕಾರದ್ದು, ಕಾಯುವ ಜವಾಬ್ದಾರಿಯು ಭೂಮಿಯ ಒಡೆಯನದು. ಮರವು ಬಲಿತರೆ ಸರ್ಕಾರವು ಗೊತ್ತುಮಾಡಿದ ಒಂದು ಪಾಲು ಅವನಿಗೆ ಯಾವಾಗಲೋ ಬರಬಹುದು. ಕಳುವಾದರೆ ಮಾತ್ರ ಅಂದೇ ವಿಚಾರಣೆಗೆ ಗುರಿಯಾಗಬೇಕು. ಕೋಗಿಲೆ, ಪಿಕಳಾರಗಳು ಹಣ್ಣನ್ನು ತಿಂದು ಬೇಲಿಯಲ್ಲಿ ಬೀಜವನ್ನು ಉದುರಿಸಿ, ತಾನಾಗಿಯೇ ಗಂಧದ ಸಸಿ ಹುಟ್ಟಿದರೆ, ಬುದ್ಧಿವಂತನಾದ ಒಕ್ಕಲಿಗನು ಅದು ಮೊಳಕೈಯುದ್ದ ಬೆಳೆಯುವುದರೊಳಗಾಗಿ ಕಿತ್ತೆಸೆಯುತ್ತಿದ್ದನು. ಅವನನ್ನು ದೂರಿ ಪ್ರಯೋಜನವಿಲ್ಲ. ಕಾರ್ಖಾನೆಯ ಲಾಭವು ಲಕ್ಷಗಳಲ್ಲಿರುವಾಗ ಮರವನ್ನು ಬೆಳೆಸುವವನಿಗೆ ಭಯವೊಂದೇ ದೊರೆಯುವುದಾದರೆ ಮರವು ಎಲ್ಲಿಂದ ಬರಬೇಕು? ಎಣ್ಣೆಗೆ ಬೆಲೆಯು ಏರಿದಷ್ಟೂ ಕಾಡಿನ ಮರಕ್ಕೆ ಕೊಡಲಿಯ ಕಾಟವು ಏರಿತು. ಹೊಲದಲ್ಲಿ ಹೊಸ ಮರವು ಹುಟ್ಟಲಿಲ್ಲ.

ಕರ್ನಾಟಕದಲ್ಲಿ 2001ರಲ್ಲಿ ಅರಣ್ಯದ ಕಾನೂನನ್ನು ತಿದ್ದಿ, ಭೂಮಿಯ ಒಡೆಯನೇ ಅದರಲ್ಲಿ ಬೆಳೆದ ಗಂಧದ ಮರದ ಒಡೆಯನೆಂದು ವಿಧಿಸಲಾಯಿತು. ನೆರೆಯ ತಮಿಳುನಾಡಿನಲ್ಲಿಯೂ ಮರುವರ್ಷ ಇಂತಹದೇ ಬದಲಾವಣೆಯಾಯಿತು. ಆದರೂ ಮರವನ್ನು ಕೀಳುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯವರ ಅಪ್ಪಣೆಯು ಬೇಕೇ ಬೇಕು. ಇಷ್ಟರೊಳಗೆ ಪಶ್ಚಿಮ ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ, ಆರ್ಡ್ ನದಿಯ ನೀರಾವರಿಯ ಭೂಮಿಯಲ್ಲಿ, 1990ರ ದಶಕದ ಕೊನೆಯಿಂದ ನಮ್ಮ ಜಾತಿಯ ಶ್ರೀಗಂಧವನ್ನೇ ಸಾವಿರಾರು ಎಕರೆಗಳಲ್ಲಿ ನೆಟ್ಟು, ಎಣ್ಣೆಯನ್ನು ಆ ದೇಶದಲ್ಲಿಯೇ ತೆಗೆದು ಮಾರುವುದಕ್ಕೆ ತೊಡಗಿದ್ದರು. 1914ರಲ್ಲಿ ಮರ ನಮ್ಮದು ಎಣ್ಣೆ ಅನ್ಯರದು ಎಂದಿದ್ದುದು, ಈಗ ಮರವೂ ಅನ್ಯರದೇ ಆಗುವ ಸಂಭವಕ್ಕೆ ಬಂದಿದೆ.

ಗಂಧದ ಬೇಸಾಯ

ಗಂಧವು ತನ್ನ ಆಹಾರವನ್ನೆಲ್ಲಾ ತಾನೇ ಸಂಪಾದಿಸತಕ್ಕ ಮರವಲ್ಲ. ಎಲೆಗಳು ಹಸುರಾಗಿದ್ದರೂ, ಬೇರುಗಳು ನೆರೆಯ ಗಿಡಗಳ ಬೇರನ್ನು ಕಚ್ಚಿಕೊಂಡು ಅವುಗಳಿಂದ ನೀರನ್ನೂ ಸಾರವನ್ನೂ ಹೀರುತ್ತವೆ. ಈ ಸಂಗತಿಯನ್ನು 1871ರಲ್ಲಿಯೇ ಜಾನ್ ಸ್ಕಾಟ್ ಎಂಬವರು ಪ್ರಕಟಿಸಿದ್ದರೂ, ಬೋಳು ನೆಲದಲ್ಲಿ ಬರೀ ಗಂಧವನ್ನೇ ಸಾಲಾಗಿ ನೆಟ್ಟು ಕೈಸುಟ್ಟುಕೊಳ್ಳುವವರು ಇಂದಿಗೂ ಇದ್ದಾರೆ. ಆದಕಾರಣ ಆಸರೆಯ ಗಿಡವಿಲ್ಲದೆ ಗಂಧವನ್ನು ನೆಡತಕ್ಕದ್ದಲ್ಲ.

ಹಣ್ಣುಗಳು ಏಪ್ರಿಲ್ ಸುಮಾರಿಗೂ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿಯೂ ಮಾಗುತ್ತವೆ. ಹೊಸ ಬೀಜವು ಎರಡು ತಿಂಗಳವರೆಗೆ ಮೊಳೆಯದೆ ಸುಮ್ಮನಿರುವುದು ಸ್ವಭಾವ. ಸಸಿಮಡಿಯವರು ಜಿಬರೆಲಿಕ್ ಆಮ್ಲದ ತೆಳುವಾದ ನೀರಿನಲ್ಲಿ ಒಂದು ರಾತ್ರಿ ನೆನೆಯಿಸಿ ಈ ತಡವನ್ನು ಕಡಮೆ ಮಾಡುತ್ತಾರೆ. ಚೀಲಕ್ಕೆ ಸಸಿಯನ್ನು ಬದಲಾಯಿಸುವಾಗ ಅದರ ಪಕ್ಕದಲ್ಲಿಯೇ ಒಂದೆರಡು ತೊಗರಿಯ ಬೀಜಗಳನ್ನು ಊರಬೇಕು. ತೊಗರಿಯು ಎತ್ತರಕ್ಕೆ ಹೋಗಿ ಗಂಧವನ್ನು ಮುಚ್ಚದಂತೆ ಆಗಾಗ್ಗೆ ತುದಿಯನ್ನು ಚಿವುಟುತ್ತಿರಬೇಕು. ಆರೆಂಟು ತಿಂಗಳಲ್ಲಿ ಸುಮಾರು ಒಂದಡಿ ಎತ್ತರವಾಗಿ, ಕಾಂಡವು ಕಂದುಬಣ್ಣಕ್ಕೆ ತಿರುಗಿದ ಸಸಿಗಳು ನೆಡುವುದಕ್ಕೆ ಯೋಗ್ಯ.

ನೀರು ಬಸಿದುಹೋಗುವ ಕೆಮ್ಮಣ್ಣು ಭೂಮಿಯು ಒಳ್ಳೆಯದು. ಜವುಗುಭೂಮಿಯಲ್ಲಿ ಗಿಡವು ಬದುಕದು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಬೇಸಗೆಯಲ್ಲಿ ತೆಗೆದು ಬಿಸಿಲಿಗೆ ಬಿಟ್ಟು, ಮುಂಗಾರಿನಲ್ಲಿ ನೆಡಬೇಕು. ಹೊಲದಲ್ಲಿ ಸ್ಥಿರವಾದ ಆಸರೆಗೆ ಸರ್ವೆ, ಹೊಂಗೆ, ನೆಲ್ಲಿ, ಕರಿಬೇವು, ಹೆಬ್ಬೇವು ಮೊದಲಾದವುಗಳನ್ನು ಇಟ್ಟುಕೊಳ್ಳಬಹುದು. ಇಲ್ಲಿ ಬೇಸಾಯಗಾರನು ಲೆಕ್ಕಾಚಾರದಿಂದ ನಡೆಯಬೇಕು. ಗಂಧದಿಂದ ಹಣವು ಬರುವುದಕ್ಕೆ ಹದಿನೈದು ಇಪ್ಪತ್ತು ವರ್ಷಗಳು ಬೇಕು. ಅಷ್ಟು ಕಾಲ ಹೊಟ್ಟೆಯು ಕಾಯುವುದಿಲ್ಲ. ಸರ್ವೆಯ ಗಳುಗಳು ನಾಲ್ಕೈದು ವರ್ಷಕ್ಕೆ ಕಡಿತಕ್ಕೆ ಬರುತ್ತವೆ. ಹೆಬ್ಬೇವಿನ ದಿಮ್ಮಿಗಳನ್ನು ಸುಲಿದು ತೆಳುಹಲಗೆಗಳನ್ನು ಮಾಡುವ ಪ್ಲೈವುಡ್ ಕಾರ್ಖಾನೆಯವರು ಕೊಳ್ಳುತ್ತಾರೆ. ನೆಲ್ಲಿ, ಕರಿಬೇವುಗಳು ವರ್ಷ ವರ್ಷವೂ ಏನಾದರೊಂದು ಕೊಡುತ್ತವೆ. ಆಸರೆಯ ಗಿಡಗಳನ್ನೆಲ್ಲಾ ಒಮ್ಮೆಗೇ ಕಡಿದರೆ ಗಂಧವು ಸೊರಗುವುದಾದ್ದರಿಂದ, ಒಂದು ಸಾಲನ್ನು ಬಿಟ್ಟು ಒಂದು ಸಾಲನ್ನು ತೆಗೆಯಬೇಕು. ದನ, ಆಡುಗಳಿಗೆ ಗಂಧದ ಸೊಪ್ಪು ಬಹಳ ಪ್ರಿಯ. ಮೊದಲಿನ ವರ್ಷಗಳಲ್ಲಿ ಬೇಲಿಯಿಲ್ಲದೆ ನೆಡುವುದು ಆಡಿಗೆ ಮೇವು ಬೆಳೆದಂತೆಯೇ ಸರಿ. ಬೇಸಗೆಯ ಬೆಂಕಿಯನ್ನೂ ಇದು ತಡೆಯದು.

ಚೇಗಿನ ವಿಷಯದಲ್ಲಿ ಎಚ್ಚರಿಕೆ

ಹಣವಿರುವುದು ಮರದಲ್ಲಿ ಅಲ್ಲ, ಚೇಗಿನಲ್ಲಿ. ಈ ಮಾತನ್ನು ಗಂಧದ ಬೆಳೆಗಾರರು ದಿನವೂ ನೆನೆಯಬೇಕು. ಚೇಗು ಕಟ್ಟುವುದಕ್ಕೆ ಮೊದಲಾಗುವುದು ಸಾಮಾನ್ಯವಾಗಿ ಹತ್ತು ವರ್ಷಗಳ ಸುಮಾರಿಗೆ. ಕಾಡಿನಲ್ಲಿ ಚೆನ್ನಾಗಿ ಬಲಿತ ಮರಗಳೆಂದರೆ 30 ವರ್ಷಕ್ಕೆ ಮೀರಿದವು. ಒಂದೇ ದಿನ ಒಂದೇ ಹೊಲದಲ್ಲಿ ನೆಟ್ಟ ಎರಡು ಮರಗಳಲ್ಲಿ ಒಂದಕ್ಕೆ ಕೈಯಗಲ ಚೇಗು, ಇನ್ನೊಂದಕ್ಕೆ ಬೆರಳಗಲವೂ ಇಲ್ಲದಿರುವುದುಂಟು. ನೀರು ಗೊಬ್ಬರಗಳನ್ನು ಧಾರಾಳವಾಗಿ ಕೊಟ್ಟರೆ ಕಾಂಡವು ಬೇಗನೆ ದಪ್ಪವಾಗುವುದು ನಿಜ. ಆದರೆ ದಪ್ಪವಾದ ಮರದಲ್ಲೆಲ್ಲಾ ಚೇಗೂ ಅದೇ ಪ್ರಮಾಣದಲ್ಲಿರುವುದೆಂಬ ನಿಯಮವಿಲ್ಲ. ಎಕರೆಗೆ ಇಷ್ಟು ಗಿಡ, ಗಿಡಕ್ಕೆ ಇಷ್ಟು ಕಿಲೋಗ್ರಾಂ, ಕಿಲೋಗ್ರಾಮಿಗೆ ಇಷ್ಟು ರೂಪಾಯಿ ಎಂದು ಗುಣಿಸಿ ಹನ್ನೆರಡು ವರ್ಷದಲ್ಲಿ ಕೋಟಿಗಳನ್ನು ತೋರಿಸುವ ಸಸಿ ಮಾರಾಟಗಾರರ ಕಾಗದಗಳು ಈಗ ಊರೂರಿಗೂ ಬರುತ್ತಿವೆ. ಸತ್ತ ಗಿಡ, ಚೇಗಿಲ್ಲದ ಗಿಡ, ಕಳುವಾದ ಗಿಡ, ಕಾವಲುಗಾರನ ಸಂಬಳ, ಇವು ನಾಲ್ಕೂ ಆ ಕಾಗದಗಳಲ್ಲಿ ಇರುವುದಿಲ್ಲ. ಸಾಲ ಮಾಡಿ, ಇದ್ದ ಭೂಮಿಯನ್ನೆಲ್ಲಾ ಗಂಧಕ್ಕೆ ಹಾಕಬೇಕೆಂಬ ಸಲಹೆಯನ್ನು ನಾವು ಯಾರಿಗೂ ಕೊಡಲಾರೆವು. ಭೂಮಿಯ ಒಂದು ಭಾಗದಲ್ಲಿ, ಅಥವಾ ಬದುಗಳ ಮೇಲೆ, ಬೇರೆ ಬೆಳೆಯ ಆದಾಯವನ್ನು ಕೆಡಿಸಿಕೊಳ್ಳದೆ ನೆಡುವುದೇ ಕ್ಷೇಮ.

ಚೇಗಿರುವುದನ್ನು ತಿಳಿಯುವುದಕ್ಕೆ ಮರವನ್ನು ಕೀಳಬೇಕಾಗಿಲ್ಲ. ಸಣ್ಣ ಬೈರಿಗೆಯಂತಹ ಉಪಕರಣದಿಂದ ಎದೆಯೆತ್ತರದಲ್ಲಿ ಕಡ್ಡಿಯಷ್ಟು ಮರವನ್ನು ತೆಗೆದು ನೋಡಿದರೆ ಬಿಳಿ ಎಷ್ಟು, ಕಂದು ಎಷ್ಟು ಎಂಬುದು ತಿಳಿಯುತ್ತದೆ. ರಂಧ್ರವನ್ನು ಕೂಡಲೇ ಮುಚ್ಚಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ, ಸಂಸ್ಥಾನದ ಕಾಲದಲ್ಲಿಯೇ 1938ರಲ್ಲಿ ಅರಣ್ಯ ಪ್ರಯೋಗಶಾಲೆಯಾಗಿ ಹುಟ್ಟಿ ಈಗ ಮರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಕಡೆ ಶ್ರೀಗಂಧದ ವಿಷಯದಲ್ಲಿ ಬಹುಕಾಲದ ಸಂಶೋಧನೆಯು ನಡೆದಿರುತ್ತದೆ. ಸಸಿಗಳನ್ನು ಕೊಳ್ಳುವುದಕ್ಕೆ ಮೊದಲೇ ಅಲ್ಲಿ ವಿಚಾರಿಸುವುದು, ಕೊಂಡ ಮೇಲೆ ವಿಚಾರಿಸುವುದಕ್ಕಿಂತ ಮೇಲು.

ಕಾವಲು, ಕೀಳುವುದು, ಮಾರಾಟ

ನೆಟ್ಟ ವರ್ಷವೇ ಗಿಡಗಳ ಸಂಖ್ಯೆಯನ್ನು ಪಹಣಿಯಲ್ಲಿ ದಾಖಲು ಮಾಡಿಸಿ, ಅರಣ್ಯ ಇಲಾಖೆಯ ಹತ್ತಿರದ ಕಛೇರಿಗೆ ತಿಳಿಸಿರಬೇಕು. ಕೀಳುವ ಕಾಲಕ್ಕೆ ಅಪ್ಪಣೆಯನ್ನು ಪಡೆಯುವಾಗ ಇದು ಆಧಾರವಾಗುತ್ತದೆ. ಹತ್ತನೆಯ ವರ್ಷದ ಮೇಲೆ ಕಳ್ಳರ ಭಯವು ಹೆಚ್ಚು. ಒಂಟಿಯಾಗಿ ನಾಲ್ಕು ಮರಗಳನ್ನು ಬೆಳೆದವನಿಗೆ ಕಾವಲಿನ ಖರ್ಚೇ ಭಾರವಾಗುವುದು. ಅಕ್ಕಪಕ್ಕದ ಐದಾರು ಹಿಡುವಳಿದಾರರು ಮಾತನಾಡಿಕೊಂಡು ಒಂದೇ ಕಡೆ ಸೇರುವಂತೆ ನೆಟ್ಟರೆ ಬೇಲಿಯೂ ಕಾವಲುಗಾರನೂ ಒಂದೇ ಖರ್ಚಿನಲ್ಲಿ ನಡೆಯುತ್ತದೆ, ಮುಂದೆ ಸರಕನ್ನು ಒಟ್ಟಾಗಿ ಮಾರುವುದಕ್ಕೂ ಅನುಕೂಲ.

ಅಪ್ಪಣೆಯು ಬಂದ ಮೇಲೆ, ಬುಡದ ಸುತ್ತಲೂ ಅಗೆದು ಹೆಬ್ಬೆರಳು ಗಾತ್ರದ ಬೇರುಗಳವರೆಗೂ ಬಿಡದೆ ತೆಗೆಯಬೇಕು. ಬಿಳಿಯ ಭಾಗವನ್ನು ಬಾಚಿಯಿಂದ ಕೆತ್ತುವಾಗ ನೆಲದ ಮೇಲೆ ಗೋಣಿಯನ್ನು ಹಾಸಿ, ಬಿಳಿಯ ಚಕ್ಕೆಯನ್ನು ಬೇರೆ, ಕಂದು ಮಿಶ್ರವಾದ ಚಕ್ಕೆಯನ್ನು ಬೇರೆ ಇಡಬೇಕು. ದೊಡ್ಡ ತುಂಡುಗಳನ್ನು ಸಾಗಣೆಯ ಅನುಕೂಲಕ್ಕಾಗಿ ಸಣ್ಣದಾಗಿ ಕೊಯ್ಯಬಾರದು. 9 ಕಿಲೋಗ್ರಾಮಿನ ಒಂದು ತುಂಡು ಎರಡಾದ ಕ್ಷಣವೇ ತರಗತಿಯೊಂದು ಇಳಿದು, ಗುಡಿಗಾರನ ಕೈಗೆ ಹೋಗಬೇಕಾದದ್ದು ಭಟ್ಟಿಗೆ ಹೋಗುವುದು. ನೆರಳಿನಲ್ಲಿ ನಿಧಾನವಾಗಿ ಆರಿಸದಿದ್ದರೆ ಬಿರುಕು ಬಿಡುತ್ತದೆ. ಕೋಠಿಯಲ್ಲಿ ತೂಕ ಹಾಕುವಾಗಲೂ ತರಗತಿಗಳನ್ನು ಬೇರೆ ಮಾಡುವಾಗಲೂ ಒಡೆಯನು ಸ್ವತಃ ಎದುರಿನಲ್ಲಿ ನಿಂತು, ಒಂದೊಂದು ತರಗತಿಯ ತೂಕವನ್ನೂ ಬರೆದುಕೊಂಡು, ರಸೀತಿಯನ್ನು ಪಡೆಯತಕ್ಕದ್ದು. ಎಲ್ಲವನ್ನೂ ಸೇರಿಸಿ ಒಂದೇ ಬೆಲೆಗೆ ಕೊಡುವೆನೆಂದರೆ ಬೇರಿನ ಬೆಲೆಯೂ ಬುದ್ಧದ ಬೆಲೆಯೂ ಹೊಟ್ಟಿನ ಬೆಲೆಯೊಡನೆ ಕರಗಿಹೋಗುವುದು.